ಎಕ್ಸ್ ಎಲ್ಲಿ?

ತುಂಬಾ ದಿನ ಆಯ್ತು ಇಲ್ಲಿ ಏನೂ ಗೀಚದೆ. ರಿಲೀಸು, ಪ್ರೊಡಕ್ಷನ್ ಇಶ್ಯೂ, ಮತ್ತೊಂದು ರಿಲೀಸು... ನಿಮಗೆಲ್ಲ ಗೊತ್ತಿರುವ ನೆಪಗಳೇ. ಇವತ್ತು ಬರೆಯೋಕೆ ಕೂತಿರುವುದು ಸಿಟ್ಟಿನಿಂದ. ಮೂರು ವಾರದಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದೇನೆ, ಇಳಿಯುತ್ತಿಲ್ಲ.

ಕಾಫಿ ಕೊಯ್ಲಿಗೆ ಅಂತ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಕೊಡಗಿನಲ್ಲಿ, ಭಾಗಮಂಡಲದ ಕಡೆ. ಮನೆಯಲ್ಲಿ ಮಾತಾಡುವುದು ಅರೆಭಾಷೆ. ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿ, ಟಾರ್ಪಾಲು ಮುಚ್ಚಿ ಒಳಗೆ ಬಂದರೆ ಚಿಕ್ಕಪ್ಪನ ಮಗಳು ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಕೈಯಲ್ಲಿ ಗಣಿತದ ಟೆಸ್ಟ್ ಪೇಪರು. ನಾನು ಕೇಳುವ ಮೊದಲೇ ಮುಂದೆ ಹಿಡಿದಳು. "ಇದ್ರಲ್ಲಿ ತಪ್ಪು ಎಂತ ಉಂಟು ಹೇಳಣ್ಣ."

ಪ್ರಶ್ನೆ ಹೀಗಿತ್ತು: ಮಗಳ ವಯಸ್ಸಿನ ನಾಲ್ಕರಷ್ಟಕ್ಕಿಂತ 2 ವರ್ಷ ಕಡಿಮೆ ವಯಸ್ಸುಳ್ಳ ತಾಯಿ ಹಾಗೂ ಮಗಳ ವಯಸ್ಸುಗಳ ಮೊತ್ತವು 48 ಆದಲ್ಲಿ ಅವರೀರ್ವರ ಪ್ರಸ್ತುತ ವಯಸ್ಸುಗಳನ್ನು ಕಂಡುಹಿಡಿಯಿರಿ.

ಅವಳು ಬರೆದದ್ದು ಮೂರೇ ಸಾಲು. 48 + 2 = 50. 50 ÷ 5 = 10. ಮಗಳು 10, ತಾಯಿ 38.

ಉತ್ತರ ಸರಿ. ಕೊಟ್ಟ ಅಂಕ ಮೂರಕ್ಕೆ ಒಂದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ, "ಎಕ್ಸ್ ಎಲ್ಲಿ?"

ನಾನು ಅವಳನ್ನು ಕೇಳಿದೆ, ಹೇಗೆ ಮಾಡಿದೆ ನೀನಿದನ್ನ? ಅವಳು ಹೇಳಿದ್ದು ಅರೆಭಾಷೆಯಲ್ಲಿ, ನಿಮಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ. "ಅವ್ವನಿಗೆ ಎರಡು ವರ್ಷ ಕೊಟ್ಟುಬಿಟ್ಟರೆ ಅವಳದ್ದು ಸರಿಯಾಗಿ ನಾಲ್ಕು ಪಾಲು ಆಯ್ತಲ್ಲ. ಮಗಳದ್ದು ಒಂದು ಪಾಲು. ಐದು ಪಾಲಿಗೆ ಐವತ್ತು."

ಮಾರಾಯ್ರೆ, ಇದಕ್ಕಿಂತ ಚೆನ್ನಾಗಿ ಬೀಜಗಣಿತ ಹೇಗೆ ಮಾಡಬೇಕು? ಆ ಹುಡುಗಿ ಐದು ಪಾಲು ಅಂದಳಲ್ಲ, ಆ "ಪಾಲು" ಇದೆಯಲ್ಲ, ಅದೇ ಎಕ್ಸ್! ಕಣ್ಣ ಮುಂದೆ ಕೂತಿತ್ತು. ಇಂಗ್ಲಿಷ್ ಅಕ್ಷರದ ವೇಷ ಹಾಕಿರಲಿಲ್ಲ, ಅಷ್ಟೇ.

ಮೇಷ್ಟ್ರನ್ನು ಬೈಯುವುದು ಸುಲಭ. ಆ ಶಾಲೆಯ ಹೆಸರು, ಮೇಷ್ಟ್ರ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ, ಬೇಡ ಕೂಡ. ಅವರಿಗೂ ಸಿಲೆಬಸ್ ಮುಗಿಸುವ ತಲೆಬಿಸಿ, ಸಮೀಕರಣದ ಪಾಠಕ್ಕೆ ಸಮೀಕರಣವನ್ನೇ ನೋಡಬೇಕು ಅನ್ನುವ ನ್ಯಾಯವಾದ ಹಟ. ಎಸ್ಸೆಸ್ಸೆಲ್ಸಿ ಮಾದರಿ ಉತ್ತರಗಳಲ್ಲೇ "ಪರ್ಯಾಯ ವಿಧಾನ" ಅಂತ ಕೊಟ್ಟಿರುವುದನ್ನು ಅವರೂ ನೋಡಿರುತ್ತಾರೆ. ನನ್ನ ಜಗಳ ಇರುವುದು ಒಂದು ಅಭ್ಯಾಸದ ಜೊತೆ. ವಾಕ್ಯದ ಲೆಕ್ಕ ಅಂದರೆ ವಾಕ್ಯವನ್ನು ಓದದೆ ದಾಟಿಹೋಗುವ ಲೆಕ್ಕ ಅಂತ ಮಾಡಿಟ್ಟಿದ್ದೇವಲ್ಲ, ಆ ಅಭ್ಯಾಸ.

ನಾನು ಅದರಲ್ಲಿ ಪಳಗಿದವನು. ಹೈಸ್ಕೂಲಿನಲ್ಲಿ ನಮಗೆ ಟ್ಯೂಷನ್ನಿನಲ್ಲಿ ಒಂದು ಪಟ್ಟಿ ಬರೆಸಿದ್ದರು. "ಒಟ್ಟು" ಬಂದರೆ ಕೂಡು. "ಉಳಿದ" ಬಂದರೆ ಕಳೆ. "ರಷ್ಟು" ಬಂದರೆ ಗುಣಿಸು. "ಸಮನಾಗಿ" ಬಂದರೆ ಭಾಗಿಸು. ವಯಸ್ಸಿನ ಲೆಕ್ಕಕ್ಕೆ ಒಂದು ಅಚ್ಚು, ಎರಡಂಕಿ ಸಂಖ್ಯೆ ತಿರುಗಿಸುವ ಲೆಕ್ಕಕ್ಕೆ ಒಂದು ಅಚ್ಚು, ದೋಣಿಗೆ ಒಂದು, ತೊಟ್ಟಿಗೆ ಒಂದು. ಹಿಟ್ಟು ತುಂಬು, ಒತ್ತು, ಚಕ್ಕುಲಿ ಬೀಳುತ್ತೆ. ನನಗೆ ತೊಂಬತ್ತರ ಮೇಲೆ ಬಂತು, ಮನೆಯಲ್ಲಿ ಪಾಯಸ.

ಈಗ ಈ ಪಟ್ಟಿಗೆ ನಮ್ಮೂರ ಕಿತ್ತಳೆ ಬುಟ್ಟಿ ಕೊಡೋಣ. ಬುಟ್ಟಿಯಿಂದ 12 ಕಿತ್ತಳೆ ತೆಗೆದ ಮೇಲೆ 30 ಉಳಿದವು, ಮೊದಲು ಎಷ್ಟಿದ್ದವು? "ಉಳಿದ" ಅಂತ ಇದೆ, ಕಳೆ! 18! ಹನ್ನೆರಡು ತೆಗೆಯುವ ಮೊದಲು ಹದಿನೆಂಟಿತ್ತು, ತೆಗೆದ ಮೇಲೆ ಮೂವತ್ತಾಯ್ತು. ಕಾವೇರಮ್ಮನ ಮಹಿಮೆ :-)

ಇದು ನಮ್ಮೊಬ್ಬರ ರೋಗ ಅಲ್ಲ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಕಲಿಕೆಯ ಸಂಶೋಧಕರು ಪ್ರೈಮರಿ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಆಡು ಇವೆ, ಹಡಗಿನ ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಜನ ಪ್ರಶ್ನೆಯೊಳಗಿನ ಅಂಕಿಗಳನ್ನೇ ಸೇರಿಸಿ ಒಂದು ಉತ್ತರ ಕೊಟ್ಟರು. 36 ಅಂದ್ರೆ ಕ್ಯಾಪ್ಟನ್ನಿಗೆ ಒಪ್ಪುವ ವಯಸ್ಸೇ ತಾನೆ! ಇದೇ ಕುರಿ, ಇದೇ ಆಡು 2018ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಒಂದು ಪರೀಕ್ಷೆಯಲ್ಲಿ ಮತ್ತೆ ಕಾಣಿಸಿಕೊಂಡು ಗಲಾಟೆ ಆಗಿತ್ತು. ಮಕ್ಕಳು ದಡ್ಡರು ಅಂತ ನಗಬೇಡಿ. ಪ್ರಶ್ನೆಯೊಳಗೆ ಅರ್ಥ ಹುಡುಕಬೇಡ, ಅಂಕಿ ಹೆಕ್ಕು ಅಂತ ಶಾಲೆ ಕಲಿಸಿದ ಪಾಠವನ್ನು ಅವರು ನಿಯತ್ತಾಗಿ ಕಲಿತಿದ್ದರು.

ನಾನೂ ನಿಯತ್ತಾಗಿ ಕಲಿತಿದ್ದೆ. ಅದರ ಬಿಲ್ಲು ಬಂದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಬಿಲ್ಲಿಂಗ್ ಸಾಫ್ಟ್‌ವೇರು. 18% ತೆರಿಗೆ ಸೇರಿ ಬೆಲೆ 1180, ಮೂಲ ಬೆಲೆ ಬೇರೆ ತೋರಿಸಬೇಕು ಅಂತ ಕ್ಲೈಂಟ್ ಬರೆದಿದ್ದರು. ಎಂಜಿನಿಯರಿಂಗ್ ಡಿಗ್ರಿ ಇರುವ ನಾನು ಮಾಡಿದ್ದೇನು ಗೊತ್ತಾ? 1180ರಲ್ಲಿ ನೂರಕ್ಕೆ ಹದಿನೆಂಟು ಕಳೆದೆ. 967 ರೂಪಾಯಿ 60 ಪೈಸೆ. ಬರಬೇಕಾದದ್ದು ಸಾವಿರ. ಮೂಲ ಬೆಲೆ × 1.18 = 1180 ಅನ್ನುವ ಒಂದೇ ಸಾಲಿನ ಸಮೀಕರಣ, ಅದೂ ಗೊತ್ತಿರುವ ಸಮೀಕರಣ. "ಬೇರೆ ಮಾಡಿ" ಅಂತ ಓದಿದ ತಕ್ಷಣ ತಲೆಯೊಳಗಿನ ಪಟ್ಟಿ "ಕಳೆ" ಅಂತ ಕೂಗಿತ್ತು. ಟೆಸ್ಟಿಂಗಿನವಳು ಹಿಡಿದಳು, ಬಚಾವ್. ಅವತ್ತಿನಿಂದ ನನಗೆ ಗೊತ್ತಾಯ್ತು, ನಮ್ಮ ಕಸುಬೇ ವಾಕ್ಯದ ಲೆಕ್ಕ. ಕೋಡು ಬರೆಯುವುದು ಕೊನೆಯ ಹತ್ತು ನಿಮಿಷ. ಉಳಿದದ್ದೆಲ್ಲ ಆ ಮನುಷ್ಯ ಏನು ಹೇಳುತ್ತಿದ್ದಾನೆ ಅಂತ ತಿಳಿದುಕೊಳ್ಳುವ ಗುದ್ದಾಟ.

ಇನ್ನು ಮಾತು ಭಾಷೆಗೆ ಬಂತು. ಇಲ್ಲಿ ನೀವು ನನ್ನ ಜೊತೆ ಜಗಳಕ್ಕೆ ಬರಬಹುದು, ಬನ್ನಿ.

"ಕನ್ನಡ ಮೀಡಿಯಂ ಅಲ್ವಾ, ಅದಕ್ಕೇ ಮ್ಯಾಥ್ಸ್ ಕಷ್ಟ" ಅಂತ ಎಷ್ಟು ಸಲ ಕೇಳಿಸಿಕೊಂಡಿದ್ದೀರಿ? ಅವತ್ತು ನನ್ನ ಚಿಕ್ಕಮ್ಮನೇ ಅಂದರು, ಮುಂದಿನ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕ್ತೇವೆ ಅಂತ. ಎರಡಂಕ ಹೋದದ್ದಕ್ಕೆ ಶಿಕ್ಷೆ ಭಾಷೆಗೆ! ನನ್ನ ವಾದ ಪೂರ್ತಿ ಉಲ್ಟಾ. ಸಮೀಕರಣ ಬರೆಯುವುದಕ್ಕೆ ಕನ್ನಡ ವಾಕ್ಯ ಇಂಗ್ಲಿಷಿಗಿಂತ ಸಲೀಸು.

ಪುರಾವೆ ಬೇಕಾ? 1981ರಲ್ಲಿ ಅಮೆರಿಕದಲ್ಲಿ ಕ್ಲೆಮೆಂಟ್, ಲಾಕ್‌ಹೆಡ್, ಮಾಂಕ್ ಅನ್ನುವ ಮೂವರು ಒಂದು ಲೇಖನ ಪ್ರಕಟಿಸಿದರು. ಕಾಲೇಜಿನಲ್ಲಿ "ಸಿಕ್ಸ್ ಟೈಮ್ಸ್ ಆಸ್ ಮೆನಿ ಸ್ಟೂಡೆಂಟ್ಸ್ ಆಸ್ ಪ್ರೊಫೆಸರ್ಸ್" ಇದ್ದಾರೆ, ಇದನ್ನು ಸಮೀಕರಣವಾಗಿ ಬರೆಯಿರಿ ಅಂತ 150 ಜನ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. 37% ಜನ ತಪ್ಪು ಬರೆದರು. ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು ಒಂದೇ ತಪ್ಪು, 6ಎಸ್ = ಪಿ. ಅಂದರೆ ವಿದ್ಯಾರ್ಥಿಗಳಿಗಿಂತ ಮೇಷ್ಟ್ರುಗಳೇ ಆರು ಪಟ್ಟು! ಯಾಕೆ ಹೀಗಾಗುತ್ತೆ ಅನ್ನುವುದಕ್ಕೆ ಒಂದು ಸರಳ ಕಾರಣ, ಇಂಗ್ಲಿಷ್ ವಾಕ್ಯದಲ್ಲಿ "ಸಿಕ್ಸ್" ಪಕ್ಕದಲ್ಲೇ "ಸ್ಟೂಡೆಂಟ್ಸ್" ಕೂತಿದೆ. ಎಡದಿಂದ ಬಲಕ್ಕೆ ಇದ್ದ ಹಾಗೇ ಇಳಿಸಿಕೊಂಡರೆ ಲೆಕ್ಕ ತಲೆಕೆಳಗು.

ಈಗ ಅದನ್ನೇ ಕನ್ನಡದಲ್ಲಿ ಹೇಳಿ. ವಿದ್ಯಾರ್ಥಿಗಳು ಪ್ರೊಫೆಸರುಗಳ ಆರು ಪಟ್ಟು. ಇದ್ದ ಹಾಗೇ ಇಳಿಸಿ: ವಿದ್ಯಾರ್ಥಿ = ಪ್ರೊಫೆಸರ್ × 6. ಸರಿಯಾಗಿ ಕೂತಿತು! ನಮ್ಮ ಟೀಮಿನಲ್ಲಿ ಊಟದ ಹೊತ್ತಿಗೆ ಒಂಬತ್ತು ಜನರಿಗೆ ಇಂಗ್ಲಿಷಿನಲ್ಲಿ ಕೊಟ್ಟೆ, ಮೂವರು ತಿರುಗಿಸಿ ಬರೆದರು. ಆ ಮೂವರಲ್ಲಿ ಕನ್ನಡದವರು ಇಬ್ಬರು, ಅವರಿಗೇ ಕನ್ನಡದಲ್ಲಿ ಹೇಳಿದೆ, ನಕ್ಕುಬಿಟ್ಟರು. ಇದು ಕ್ಯಾಂಟೀನ್ ಸಂಶೋಧನೆ, ಪಿಎಚ್‌ಡಿ ಕೊಡಬೇಡಿ. ಆದರೆ ನೀವೂ ನಿಮ್ಮ ಆಫೀಸಿನಲ್ಲಿ ಮಾಡಿ ನೋಡಿ.

"ಸೆವೆನ್ ಲೆಸ್ ದ್ಯಾನ್ ಎ ನಂಬರ್" ಅನ್ನುತ್ತೆ ಇಂಗ್ಲಿಷು. ಏಳು ಮೊದಲು ಬಂತು, ಸಂಖ್ಯೆ ಆಮೇಲೆ. ಮಗು 7 − ಎಕ್ಸ್ ಅಂತ ಬರೆದರೆ ಅದರ ತಪ್ಪಾ? ನಾವು "ಒಂದು ಸಂಖ್ಯೆಗಿಂತ ಏಳು ಕಡಿಮೆ" ಅನ್ನುತ್ತೇವೆ. ಸಂಖ್ಯೆ, ಆಮೇಲೆ ಏಳು, ಆಮೇಲೆ ಏನು ಮಾಡಬೇಕು ಅನ್ನುವುದು. "ಐವತ್ತನ್ನು ಐದರಿಂದ ಭಾಗಿಸು." ಮೊದಲು ಸಾಮಾನು, ಕೊನೆಗೆ ಕ್ರಿಯಾಪದ. 1972ರಲ್ಲಿ ಬಂದ ಎಚ್‌ಪಿ-35 ಅನ್ನುವ ಪ್ರಸಿದ್ಧ ಕ್ಯಾಲ್ಕುಲೇಟರ್ ಕೆಲಸ ಮಾಡುತ್ತಿದ್ದದ್ದು ಹೀಗೇ. 50 ಒತ್ತಿ, ಎಂಟರ್ ಒತ್ತಿ, 5 ಒತ್ತಿ, ಆಮೇಲೆ ಭಾಗಾಕಾರ. ಡೇಟಾ ಸ್ಟ್ರಕ್ಚರ್ಸ್ ಪೇಪರಿನಲ್ಲಿ "ಪೋಸ್ಟ್‌ಫಿಕ್ಸ್" ಅಂತ ಓದಿ ತಲೆ ಕೆರೆದುಕೊಂಡಿದ್ದೆವಲ್ಲ, ಅದು ನಮ್ಮ ಅಜ್ಜಿ ಮಾತಾಡುವ ರೀತಿ!

ಹಾಗಿದ್ದ ಮೇಲೆ ಕನ್ನಡ ಮೀಡಿಯಂ ಮಕ್ಕಳಿಗೆ ಯಾಕೆ ಕಷ್ಟ? ಮೇಲೆ ಕೊಟ್ಟ ಆ ತಾಯಿ-ಮಗಳ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಅದು ಕನ್ನಡವಾ? "ಕಡಿಮೆ ವಯಸ್ಸುಳ್ಳ ತಾಯಿ ಹಾಗೂ", "ಆದಲ್ಲಿ ಅವರೀರ್ವರ". ಯಾವ ಮನೆಯಲ್ಲಿ, ಯಾವ ಅಂಗಡಿಯಲ್ಲಿ, ಯಾವ ತೋಟದಲ್ಲಿ ಹೀಗೆ ಮಾತಾಡುತ್ತಾರೆ? ಮೂರು ವಾಕ್ಯದ ವಿಷಯವನ್ನು ಒಂದೇ ಗೋಣಿಗೆ ತುರುಕಿ ಬಾಯಿ ಹೊಲಿದಿದ್ದಾರೆ. ಇದರ ಮೇಲೆ ಚರಾಕ್ಷರ, ಸ್ಥಿರಾಂಕ, ಪಕ್ಷಾಂತರ. ಪಕ್ಷಾಂತರ ಅಂದರೆ ನನಗೆ ಎಂಟನೇ ಕ್ಲಾಸಿನಲ್ಲೂ ವಿಧಾನಸೌಧವೇ ನೆನಪಾಗುತ್ತಿತ್ತು. ಆ ಕಡೆ ಹೋದರೆ ಪ್ಲಸ್ಸು ಮೈನಸ್ಸಾಗುತ್ತೆ ಅಂತ ಬಾಯಿಪಾಠ. ಯಾಕೆ ಆಗುತ್ತೆ ಅಂತ, ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದರೆ ತಕ್ಕಡಿ ಅಲ್ಲಾಡುವುದಿಲ್ಲ ಅಂತ, ನನಗೆ ಹೊಳೆದದ್ದು ಪಿಯುಸಿಯಲ್ಲಿ.

ಕೊಡಗಿನಲ್ಲಂತೂ ಇದು ಇನ್ನೂ ಒಂದು ಸುತ್ತು ಜಾಸ್ತಿ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರೇ ಕಡಿಮೆ ಇದ್ದರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಲೈನ್ ಮನೆಯಿಂದ ಬರುವ ಯರವ ಮಕ್ಕಳ ಮಾತು. ಶಾಲೆಯ ಕನ್ನಡವೇ ನಮಗೆ ಎರಡನೇ ಭಾಷೆ, ಗಣಿತ ಪುಸ್ತಕದ ಕನ್ನಡ ಮೂರನೆಯದು. ಲೈನ್ ಮನೆಯ ನನ್ನ ಒಬ್ಬ ಗೆಳೆಯ ಇದ್ದ. ಕೊಯ್ಲಿನ ದಿನ ಅವರಮ್ಮನ ತೂಕ ಚೀಟಿ ನೋಡಿ, ರೈಟರು ಕೂಡಿಸಿ ಮುಗಿಸುವ ಮೊದಲೇ ದುಡ್ಡು ಹೇಳುತ್ತಿದ್ದ. ಒಂಬತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟ. ಅವನಿಗೆ ಲೆಕ್ಕ ಬರುವುದಿಲ್ಲ ಅಂತ ಷರಾ ಬರೆದವರು ಅವನಿಗೆ ಒಂದು ದಿನವೂ ಲೆಕ್ಕ ಕೊಟ್ಟಿರಲಿಲ್ಲ, ಬರೀ ವ್ಯಾಕರಣ ಕೊಟ್ಟಿದ್ದರು. ಮೊನ್ನೆ ಸಿಕ್ಕಿದ್ದ. ಪಿಕಪ್ ಓಡಿಸುತ್ತಾನೆ, ಡೀಸೆಲು, ಬಾಡಿಗೆ, ಸಾಲದ ಕಂತು ಎಲ್ಲ ತಲೆಯಲ್ಲೇ.

ಸಮೀಕರಣ ನಮ್ಮೂರಿಗೆ ಪರದೇಶಿ ಅಲ್ಲ. ಕಾಫಿ ಬೆಳೆಯುವವರಿಗೆ "ಓಟಿ" ಗೊತ್ತು, ಔಟ್‌ಟರ್ನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಣಗಿಸಿದ ರೊಬಸ್ಟಾ ಚೆರಿ 50 ಕೆಜಿ ಚೀಲದಲ್ಲಿ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತೋ ಅದು ಓಟಿ, ಸಾಮಾನ್ಯವಾಗಿ 26-28ರ ಆಸುಪಾಸು. ಚೀಲದ ದುಡ್ಡು ಅಂದರೆ ಓಟಿ × ರೇಟು. ನಮ್ಮಜ್ಜ ನಾಲ್ಕನೇ ಕ್ಲಾಸು. ಒಂದು ಸಲ ವ್ಯಾಪಾರಿಯೊಬ್ಬ ಪಾಯಿಂಟಿಗೆ ಇಷ್ಟು ಅಂತ ಹೇಳಿ ಚೀಲಕ್ಕೆ ಇಷ್ಟು ಅಂತ ದುಡ್ಡು ಎಣಿಸಿದ. ಲೆಕ್ಕಕ್ಕೆ ಸುಲಭವಾಗಲಿ ಅಂತ ರೇಟು 360, ಚೀಲಕ್ಕೆ 9360 ಅಂತ ಇಟ್ಟುಕೊಳ್ಳಿ. ಅಜ್ಜ ನೋಟು ಮುಟ್ಟಲಿಲ್ಲ. "ಇಪ್ಪತ್ತಾರು ಹಿಡಿದಿದ್ದೀರಿ. ಸ್ಯಾಂಪಲ್ ತೆಗೆದಾಗ ಇಪ್ಪತ್ತೇಳು ಬಂದಿತ್ತಲ್ಲ?" ಎಷ್ಟೋ × 360 = 9360. ಆ "ಎಷ್ಟೋ"ವನ್ನು ಅಜ್ಜ ತಲೆಯಲ್ಲೇ ಬಿಡಿಸಿದ್ದರು. ಚೀಲಕ್ಕೆ 360 ರೂಪಾಯಿ, 40 ಚೀಲಕ್ಕೆ 14,400. ಇಂಥ ಸಮೀಕರಣ ತಪ್ಪಿದರೆ ಅಂಕ ಹೋಗುವುದಿಲ್ಲ, ಮನೆಯ ಅಕ್ಕಿ ಹೋಗುತ್ತೆ.

ಈ "ಎಷ್ಟೋ" ಅನ್ನುವುದೂ ನನ್ನ ತಲೆಯಿಂದ ಬಂದದ್ದಲ್ಲ. ನಮ್ಮ ಹಳೇ ಗಣಿತದವರು ಗೊತ್ತಿಲ್ಲದ ಸಂಖ್ಯೆಗೆ ಇಟ್ಟ ಹೆಸರೇ "ಯಾವತ್ ತಾವತ್", ಎಷ್ಟೋ ಅಷ್ಟು. ಚಿಕ್ಕದಾಗಿ "ಯಾ" ಅಂತ ಬರೆಯುತ್ತಿದ್ದರು. ಎರಡನೆಯದು ಬೇಕಾದರೆ ಬಣ್ಣದ ಹೆಸರು, ಕಾಲಕ, ನೀಲಕ. ಎಕ್ಸ್ ಇಲ್ಲದೆ ಶತಮಾನಗಟ್ಟಲೆ ನಡೆಯಿತು. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಕಾಲದಲ್ಲೇ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಸಂಸ್ಕೃತದಲ್ಲಿದೆ. ಅದರ ತುಂಬ ವಾಕ್ಯದ ಲೆಕ್ಕಗಳೇ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ, ಪುಸ್ತಕದ ಹೆಸರು ನೋಡಿ, ವ್ಯವಹಾರಗಣಿತ. ಹೆಸರಲ್ಲೇ ಅಂಗಡಿ, ಹೊಲ, ಕೊಡು-ಕೊಳ್ಳು ಎಲ್ಲ ಬಂತು.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಮಹಾವೀರಾಚಾರ್ಯರ ಒಂದು ಲೆಕ್ಕ ಕೇಳಿ. ಗಂಡ ಹೆಂಡತಿ ಸರಸದಲ್ಲಿ ಮುತ್ತಿನ ಹಾರ ಹರಿಯಿತು. ಮೂರನೇ ಒಂದು ಪಾಲು ದಾಸಿಯ ಕಡೆ, ಆರನೇ ಒಂದು ಪಾಲು ಹಾಸಿಗೆ ಮೇಲೆ. ಉಳಿದದ್ದರ ಅರ್ಧ, ಮತ್ತೆ ಅದರಲ್ಲುಳಿದದ್ದರ ಅರ್ಧ, ಹೀಗೆ ಒಟ್ಟು ಆರು ಸಲ ಅಲ್ಲಲ್ಲಿ ಚೆಲ್ಲಿತು. ಕೊನೆಗೆ ದಾರದಲ್ಲಿ 1161 ಮುತ್ತು. ಮೊದಲು ಎಷ್ಟಿದ್ದವು? ನಮ್ಮ ಹುಡುಗಿಗೆ ಇದನ್ನು ಮನೆಮಾತಿನಲ್ಲಿ ಹೇಳಿದೆ (ಸರಸ ತೆಗೆದು, ಹಾರ ಮೊಳೆಗೆ ಸಿಕ್ಕಿ ಹರಿಯಿತು ಅಂತ ಮಾಡಿ!). ಅವಳು ಹಿಂದಿನಿಂದ ಬಂದಳು. 1161ನ್ನು ಆರು ಸಲ ದುಪ್ಪಟ್ಟು ಮಾಡಿದಳು, 74,304. "ಮೂರರಲ್ಲೊಂದು, ಆರರಲ್ಲೊಂದು ಸೇರಿದರೆ ಅರ್ಧ ಆಯ್ತಲ್ಲಣ್ಣ, ಹಂಗಾರೆ ಇದು ಇನ್ನರ್ಧ." 1,48,608. ಅಷ್ಟು ಮುತ್ತು ಕೊರಳಿಗೆ ಹಾಕಿಕೊಂಡರೆ ಹೆಂಗಸು ಏಳುವುದು ಹೇಗೆ ಅಂತ ಅಜ್ಜ ಒಳಗಿಂದಲೇ ಕೇಳಿದರು. ಲೆಕ್ಕದ ಕಥೆ ಹಾಸ್ಯಾಸ್ಪದ ಆದರೂ ನಡೆಯುತ್ತೆ ಸ್ವಾಮಿ. ಅದು ತಲೆಯೊಳಗೆ ಚಿತ್ರವಾಗಿ ನಿಲ್ಲಬೇಕು, ಅಷ್ಟೇ.

ಈಗ ನೀವು ಕೇಳುತ್ತೀರಿ ಅಂತ ಗೊತ್ತು. ಹಾಗಾದರೆ ಎಕ್ಸ್ ಬೇಡವೇ? ಎಲ್ಲ ಬಾಯಿಲೆಕ್ಕದಲ್ಲೇ ಆಗುತ್ತಾ?

ಬೇಕು. ಖಂಡಿತ ಬೇಕು. ಅದನ್ನು ಕೊಡುವ ಹೊತ್ತು ಮಾತ್ರ ನಾವು ಕೊಡುತ್ತಿರುವ ಹೊತ್ತಲ್ಲ. ಹಿಂದಿನಿಂದ ಬಿಡಿಸಿಕೊಂಡು ಬರಲು ಆಗುವ ಲೆಕ್ಕಕ್ಕೆ ಎಕ್ಸ್ ಹಾಕಿಸುವುದು, ನಡೆದು ದಾಟುವ ತೋಡಿಗೆ ದೋಣಿ ಕೊಟ್ಟ ಹಾಗೆ. ಮಗು ದೋಣಿ ಹೊತ್ತುಕೊಂಡು ತೋಡು ದಾಟುತ್ತೆ, ದೋಣಿ ಅಂದರೆ ಹೊರೆ ಅಂತ ತಿಳಿಯುತ್ತೆ.

ಮರುದಿನ ಕಣದಲ್ಲಿ ಅವಳಿಗೆ ಇನ್ನೊಂದು ಕೊಟ್ಟೆ. ಒಂದು ತೋಟದಲ್ಲಿ ಕಾಫಿ ಕುಯ್ದರೆ ಕೆಜಿಗೆ 5 ರೂಪಾಯಿ. ಪಕ್ಕದ ತೋಟದಲ್ಲಿ ದಿನಕ್ಕೆ 240 ರೂಪಾಯಿ, ಅದರ ಮೇಲೆ ಕೆಜಿಗೆ 2 ರೂಪಾಯಿ. (ಅಂಕಿ ನನ್ನ ಕಲ್ಪನೆ, ಸಂಬಳದ ಬಗ್ಗೆ ಜಗಳ ತೆಗೆಯಬೇಡಿ.) ಎಷ್ಟು ಕೆಜಿ ಕುಯ್ದರೆ ಎರಡೂ ಕಡೆ ಒಂದೇ ದುಡ್ಡು? ಹಿಂದಿನಿಂದ ಬರೋಕೆ ನೋಡಿದಳು. ಆಗಲಿಲ್ಲ. ಹಿಂದಿನಿಂದ ಬರಲು ಕೊನೆಯಲ್ಲಿ ಒಂದು ಗೊತ್ತಿರುವ ಸಂಖ್ಯೆ ಬೇಕು, ಇಲ್ಲಿ ಅದೇ ಇಲ್ಲ. 50 ಹಿಡಿದು ನೋಡಿದಳು, 250 ಮತ್ತು 340. 100 ಹಿಡಿದಳು, 500 ಮತ್ತು 440. ನಡುವೆ ಎಲ್ಲೋ ಇದೆ ಅಂದಳು. ಸ್ವಲ್ಪ ಹೊತ್ತು ಸುಮ್ಮನೆ ಕಾಫಿ ಕೆದಕಿದಳು. ಆಮೇಲೆ ಅವಳೇ, "ಎರಡೂ ಕಡೆ ಅದೇ ಕೆಜಿ ಉಂಟಲ್ಲಣ್ಣ. ಆ ಕೆಜಿಗೆ ಒಂದು ಹೆಸರಿಟ್ಟರೆ?"

ಆಗ ಕೊಟ್ಟೆ ಎಕ್ಸ್! ಕಡ್ಡಿಯಲ್ಲಿ ಕಣದ ಪಕ್ಕದ ಮಣ್ಣಿನಲ್ಲಿ ಬರೆದಳು. ಈ ಕಡೆ ಐದು ಎಕ್ಸ್, ಆ ಕಡೆ 240 ಮತ್ತು ಎರಡು ಎಕ್ಸ್. ಎರಡೂ ಕಡೆಯಿಂದ ಎರಡೆರಡು ಎಕ್ಸ್ ತೆಗೆದಳು, ಪಕ್ಷಾಂತರ ಅನ್ನುವ ಶಬ್ದ ಅವಳ ಬಾಯಲ್ಲಿ ಬರಲೇ ಇಲ್ಲ. ಮೂರು ಎಕ್ಸ್ = 240. ಎಂಬತ್ತು ಕೆಜಿ. "ಎಂಬತ್ತಕ್ಕಿಂತ ಜಾಸ್ತಿ ಕುಯ್ಯೋರು ಈ ತೋಟಕ್ಕೆ ಬರಬೇಕು, ನಿಧಾನದವರು ಆ ತೋಟಕ್ಕೆ" ಅಂತ ಕೇಳದೇ ಇದ್ದ ಪ್ರಶ್ನೆಗೂ ಉತ್ತರ ಕೊಟ್ಟಳು.

ಚಿಕ್ಕಮ್ಮನ ಜೊತೆ ಮಾತಾಡಿದ್ದೇನೆ. ಇಂಗ್ಲಿಷ್ ಮೀಡಿಯಂ ವಿಚಾರ ಏಪ್ರಿಲ್ ತನಕ ಮುಂದಕ್ಕೆ ಹೋಗಿದೆ, ಪೂರ್ತಿ ಬಿಟ್ಟಿಲ್ಲ. ಮುಂದಿನ ಟೆಸ್ಟಿಗೆ ಮೊದಲ ಸಾಲಿನಲ್ಲಿ "ಒಂದು ಪಾಲು = ಎಕ್ಸ್ ಆಗಿರಲಿ" ಅಂತ ಬರೆದು ಆಮೇಲೆ ನಿನ್ನ ದಾರಿಯಲ್ಲೇ ಮಾಡು ಅಂತ ಹುಡುಗಿಗೆ ಹೇಳಿ ಬಂದೆ. ಇದು ಲಂಚ ಅಂತ ನನಗೂ ಗೊತ್ತು.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಮಲೆನಾಡಿನವರು ಅಡಿಕೆ ಸುಲಿಯುವ ಲೆಕ್ಕ, ಬಯಲುಸೀಮೆಯವರು ಬೋರ್‌ವೆಲ್ಲಿನ ಲೆಕ್ಕ, ಕಾಸರಗೋಡಿನವರು ಬೀಡಿ ಕಟ್ಟಿನ ಲೆಕ್ಕ, ಹೊರದೇಶದಲ್ಲಿರುವವರು ಬಾಡಿಗೆ ಹಂಚಿಕೊಳ್ಳುವ ಲೆಕ್ಕ, ಯಾವುದಾದರೂ ಒಂದನ್ನು ನಿಮ್ಮ ಮನೆಯಲ್ಲಿ ಮಾತಾಡುವ ಹಾಗೇ ಕಾಮೆಂಟಿನಲ್ಲಿ ಬರೆಯಿರಿ. ಉತ್ತರ ಮಾತ್ರ ಹಾಕಬೇಡಿ. ವಾರಕ್ಕೊಂದು ಫೋನಿನಲ್ಲಿ ಓದಿ ಹೇಳುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ, ನನ್ನ ಹತ್ತಿರ ಇರುವುದು ಇನ್ನು ಎರಡೇ.